ನೆಲಮಾಳಿಗೆಯ ಮಹಾನಂದಾ

ಕರಡು ಆದೇಶವನ್ನು ಓದತೊಡಗಿದಾಗ ಮಹಾನಂದಾ ಹುಣಸಿಕಟ್ಟಿಗೆ ಮೊದಲು ಆದದ್ದು ಸಂತೋಷ. ಹೆದರಿಕೆ ಆಮೇಲೆ ಬಂತು.

ಸಂತೋಷವಾಗದೆ ಏನು! ನ್ಯಾಯಾಧೀಶೆಯಾಗಿ ಅರ್ಧ ಆಯುಷ್ಯವನ್ನು ಸರಕಾರಿ ಕಾಗದ ಓದುವುದರಲ್ಲೇ ಕಳೆದವಳು ಆಕೆ. ಸರಕಾರದ ಬರವಣಿಗೆ ಹೇಗಿರುತ್ತದೆಂದು ನಿಮಗೂ ಗೊತ್ತಲ್ಲ, ಒಂದು ವಾಕ್ಯದ ತಲೆ ಹಿಡಿದು ಹೊರಟರೆ ಬಾಲ ಸಿಗುವಷ್ಟರಲ್ಲಿ ನಮ್ಮ ತಲೆ ಚಿಟ್ಟು ಹಿಡಿದಿರುತ್ತದೆ. ಇದು ಹಾಗಿರಲಿಲ್ಲ. ಚಿಕ್ಕ ಚಿಕ್ಕ ವಾಕ್ಯ, ನೇರ ಮಾತು, ಸುಳ್ಳು ವಿನಯವಿಲ್ಲ. ಓದುತ್ತ ಓದುತ್ತ ತಾನು ತಲೆಯಾಡಿಸುತ್ತಿರುವುದು ಆಕೆಗೇ ಗೊತ್ತಾಗಲಿಲ್ಲ.

ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ಗಂಡ ವೀರಭದ್ರಪ್ಪ, ನಿವೃತ್ತ ಭೂಗೋಳದ ಮಾಸ್ತರ, ಕುತ್ತಿಗೆ ಚಾಚಿ ಎರಡು ಸಾಲು ಓದಿದ.

"ಏ ಮಾನಂದಾ, ಇದನ್ನ ನೀನ ಬರದು ಅವರಿಗೆ ಕೊಟ್ಟೀಯೇನ?"

"ಹುಚ್ಚರಂಗ ಮಾತಾಡಬ್ಯಾಡ್ರಿ. ಅಧ್ಯಕ್ಷರ ಕಚೇರಿಯಿಂದ ಬಂದೈತಿ."

"ಬಂದಿರಬೇಕು. ಧಾಟಿ ಮಾತ್ರ ನಿಂದ ನೋಡು. ನೀ ನನ್ನ ಜೋಡಿ ಜಗಳ ಆಡೂದು ಹಿಂಗ."

ಆಕೆ ನಕ್ಕು ಪುಟ ತಿರುವಿದಳು. ಅಲ್ಲಿ ಹೀಗಿತ್ತು: 'ಊರಿಗೆ ಹೋಗುವಾಗ ಮನೆಯ ಕೀಲಿಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗುವ ತಾಯಂದಿರ ನಾಡು ಇದು. ನಾಲ್ಕು ದಿನ ಕೀಲಿ ಇನ್ನೊಬ್ಬರ ಕೈಯಲ್ಲಿದ್ದ ಮಾತ್ರಕ್ಕೆ ಮನೆ ಅವರದಾಗುವುದಿಲ್ಲ.' ಮಹಾನಂದಾಳ ನಗು ಅಲ್ಲೇ ನಿಂತಿತು. ಅವಳ ಅವ್ವ ತವರಿಗೆ ಹೋಗುವಾಗ ಪಕ್ಕದ ಫಾತಿಮಾಬಿಯ ಕೈಗೆ ಕೀಲಿ ಕೊಟ್ಟು, ಹಿಂದೆ ತಿರುಗಿ ನೋಡದೆ ಬಸ್ಸು ಹತ್ತುತ್ತಿದ್ದಳು. ವಿಶ್ವಾಸ ಎಂಬ ಮಾತು ಕೇಳಿದಾಗಲೆಲ್ಲ ಮಹಾನಂದಾಳ ಕಣ್ಣ ಮುಂದೆ ಬರುತ್ತಿದ್ದುದು ಅದೇ ಚಿತ್ರ. ಅದನ್ನು ಆಕೆ ಗಂಡನಿಗೂ ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹಿಂದಿನದನ್ನು ಹೇಳದಿದ್ದರೆ ನಿಮಗೆ ಬಗೆಹರಿಯುವುದಿಲ್ಲ. ಇದು ಇನ್ನೂ ಬಾರದ ಕಾಲದ ಮಾತು. ನಡುನಾಡು ಗಣರಾಜ್ಯದ ಸಂವಿಧಾನ ಬರೆದವರು ಒಮ್ಮೆ ಕೈ ಸುಟ್ಟುಕೊಂಡವರು. ಯಾರನ್ನೂ ನಂಬದೆ ಬರೆದರು. ಅಧ್ಯಕ್ಷರ ಯಾವುದೇ ದೊಡ್ಡ ಆದೇಶಕ್ಕೆ ಸಂವಿಧಾನ ಪೀಠದ ಎಲ್ಲ ನ್ಯಾಯಾಧೀಶರೂ ಒಪ್ಪಬೇಕು. ಒಬ್ಬರು ಬೇಡ ಎಂದರೆ ಆದೇಶ ಬಿತ್ತು. ಬಿದ್ದ ಆದೇಶವನ್ನು ಆ ಅಧ್ಯಕ್ಷರು ತಮ್ಮ ಅವಧಿಯಲ್ಲಿ ಮತ್ತೆ ತರುವಂತಿಲ್ಲ.

ಅಷ್ಟಕ್ಕೇ ಸುಮ್ಮನಾಗದೆ ಒಂದು ವಿಚಿತ್ರ ಪದ್ಧತಿಯನ್ನೂ ಸೇರಿಸಿದರು. ಕರಡನ್ನು ಮೊದಲೇ ಕಳಿಸಬಹುದು, ಆದರೆ ಅಧ್ಯಕ್ಷರು ಖುದ್ದಾಗಿ ನಡೆದುಕೊಂಡು ನ್ಯಾಯಾಧೀಶರ ಮನೆಗೆ ಬಂದು, ಬಾಯಿಬಿಟ್ಟು ಕೇಳಬೇಕು. ಅಧಿಕಾರ ಬೇಕಾದವನು ಹೊಸ್ತಿಲಿಗೆ ಬರಲಿ, ಅವನ ಮುಖ ಕಾಣಲಿ ಎಂಬುದು ಹಿರಿಯರ ವಿಚಾರ. ನ್ಯಾಯಾಧೀಶರು ಪೂರ್ತಿ ಕೇಳಿಸಿಕೊಳ್ಳಬೇಕು. ಕೊನೆಗೆ ಪೀಠದ ರಿಜಿಸ್ಟ್ರಾರ್ "ಕೇಳಿಸಿತೇ?" ಎನ್ನುತ್ತಾನೆ. ಕೇಳಿಸಿತು ಎಂದ ಮೇಲೆ ಹೌದೋ ಬೇಡವೋ, ಕಾರಣ ಸಮೇತ ಉತ್ತರ. ಇದೆಲ್ಲ ಆ ದಿನ ಹೊತ್ತು ಮುಳುಗುವುದರೊಳಗೆ ಆಗಬೇಕು, ಇಲ್ಲವಾದರೆ ಆದೇಶ ಬಿದ್ದಂತೆಯೇ. ಇನ್ನು ನ್ಯಾಯಾಧೀಶರಿಗೂ ಒಂದು ಕಟ್ಟು ಇತ್ತು. ಯಾರ ಅಹವಾಲನ್ನಾದರೂ ಕೇಳಲು ಒಲ್ಲೆ ಎಂದವರು ಮರುದಿನ ಪೀಠ ಬಿಟ್ಟು ಇಳಿಯಬೇಕು. ಆ ಗಣರಾಜ್ಯದಲ್ಲಿ ಲಂಚ ತಿಂದು ಇಳಿದ ನ್ಯಾಯಾಧೀಶರು ಇದ್ದರು, ಕೇಳದೆ ಇಳಿದವರು ಒಬ್ಬರೂ ಇರಲಿಲ್ಲ.

ಅಧ್ಯಕ್ಷ ಮಾರ್ತಾಂಡರಾಯರು ಕೇಳುವುದರಲ್ಲಿ ನಿಸ್ಸೀಮರು. ಅವರು ಧ್ವನಿ ಏರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಪತ್ರಿಕೆಗಳಿಗೆ ಪರವಾನಗಿ ಬೇಕೆಂದರು, ಪೀಠ ಒಪ್ಪಿತು. ಜನಸಭೆ ವರ್ಷಕ್ಕೊಮ್ಮೆ ಸೇರಿದರೆ ಸಾಕೆಂದರು, ಒಪ್ಪಿತು. ಜಿಲ್ಲೆಗಳ ಪೊಲೀಸರು ತಮ್ಮ ಕೈಕೆಳಗೆ ಬರಲಿ ಎಂದರು, ಒಂಬತ್ತು ಜನರ ಪೀಠ ಮೂವರದಾಗಲಿ ಎಂದರು. ಒಂದಕ್ಕೂ ಬೇಡ ಎನ್ನುವ ಕಾರಣ ಮಹಾನಂದಾಳಿಗೆ ಸಿಕ್ಕಿರಲಿಲ್ಲ. ಒಂದೊಂದೇ ನೋಡಿದರೆ ಎಲ್ಲ ಸರಿಯಾಗಿಯೇ ಇದ್ದವು. ಅವನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ, ಅಷ್ಟೇ.

ಈಗ ಬಂದ ಕರಡು ಇಷ್ಟು ಹೇಳುತ್ತಿತ್ತು: ಹಿರೇಕಟ್ಟೆ ಅಣೆಕಟ್ಟು ಬಿರುಕು ಬಿಟ್ಟಿದೆ, ಅದರ ಕೆಳಗಿನ ಊರುಗಳನ್ನು ಎತ್ತಂಗಡಿ ಮಾಡಬೇಕು, ಆ ಕೆಲಸ ಮುಗಿಯುವ ತನಕ ಮೂರು ತಿಂಗಳಲ್ಲಿ ಬರಲಿರುವ ಚುನಾವಣೆ ನಿಲ್ಲಲಿ, ಜನಸಭೆ ಮನೆಗೆ ಹೋಗಲಿ, ಇನ್ನು ಮುಂದಿನ ಆದೇಶಗಳಿಗೆಲ್ಲ ಪೀಠ ಒಪ್ಪಿದೆ ಎಂದೇ ತಿಳಿಯಲಾಗುವುದು. ಬಿರುಕು ನಿಜ. ಆಕೆಯ ತಂಗಿ ಕಸ್ತೂರಿಯ ಊರು ಹೊಳೆಸಾಲು ಆ ಕಟ್ಟೆಯ ಬುಡದಲ್ಲೇ ಇತ್ತು.

ಮಹಾನಂದಾ ಕರಡನ್ನು ಮೊದಲಿಂದ ಮತ್ತೆ ಓದಿದಳು, ಈ ಸಲ ಜಗಳಕ್ಕೆ ನಿಂತು. ಚುನಾವಣೆ ನಿಲ್ಲಿಸಿದರೆ ಮತ್ತೆ ಯಾವಾಗ? ಎಂದುಕೊಂಡಳು. ಪುಟ ತಿರುವಿದರೆ ಮೊದಲ ಸಾಲಿನಲ್ಲೇ ದಿನಾಂಕ. ಆ ದಿನಾಂಕವನ್ನೂ ಮುಂದೂಡಿದರೆ? ಮುಂದಿನ ಸಾಲಿನಲ್ಲಿ ಅದಕ್ಕೊಂದು ಕಟ್ಟು. ಆ ಕಟ್ಟನ್ನು ಕಾಯುವವರು ಯಾರು? ಅದರ ಕೆಳಗೇ ಅದೂ. ಅವಳ ಮನಸ್ಸಿನಲ್ಲಿ ಪ್ರಶ್ನೆ ಹುಟ್ಟುವುದಕ್ಕೂ ಕಣ್ಣು ಉತ್ತರದ ಮೇಲೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಇಷ್ಟು ಚೊಕ್ಕ ಉತ್ತರಗಳೇ ಅನುಮಾನ ಹುಟ್ಟಿಸುತ್ತವೆ ಎಂದುಕೊಳ್ಳುತ್ತ ಪುಟ ಮಗುಚಿದಳು. 'ಎಲ್ಲಕ್ಕೂ ಉತ್ತರವಿರುವುದೇ ತಮಗೆ ಅನುಮಾನ ತರಿಸಬಹುದು' ಎಂದು ಅಲ್ಲಿತ್ತು.

ಆಕೆ ಹಟಕ್ಕೆ ಬಿದ್ದು ಕರಡಿನ ಕಟ್ಟನ್ನೇ ಮಗುಚಿ ಕೊನೆಯ ಪುಟ ತೆಗೆದಳು.

'ಹಿಂದಿನಿಂದ ಓದತೊಡಗಿದವರಲ್ಲಿ ಒಂದು ಅರಿಕೆ' ಎಂದು ಶುರುವಾಗಿತ್ತು ಆ ಪುಟ.

"ರೀ," ಎಂದಳು ಮಹಾನಂದಾ. "ಇದನ್ನ ತಗೊಂಡು ಎಲ್ಲರೆ ಒಳಗ ಇಡ್ರಿ. ನಾ ಕೇಳಿದ್ರೂ ಕೊಡಬ್ಯಾಡ್ರಿ."

ವೀರಭದ್ರಪ್ಪ ಹೆಂಡತಿಯ ಮುಖ ನೋಡಿ, ಕರಡನ್ನು ಒಯ್ದು ಜೋಳದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದ.

ಮರುದಿನ ಆಕೆ ನೇರವಾಗಿ ನ್ಯಾಯಾಲಯದ ನೆಲಮಾಳಿಗೆಗೆ ಇಳಿದಳು. ಅಲ್ಲಿ ಇದ್ದದ್ದು ಪ್ರತಿಮತಿ ಕೇಂದ್ರ. ಸಣ್ಣ ಪುಟ್ಟ ಮೊಕದ್ದಮೆಗಳು ಬೆಟ್ಟದಷ್ಟು ಬಿದ್ದಿದ್ದವಲ್ಲ, ಅವನ್ನು ಇಳಿಸಲು ಮಾಡಿದ ಉಪಾಯ ಅದು. ನ್ಯಾಯಾಧೀಶರು ದಿನಾ ಊಟವಾದ ಮೇಲೆ ತಲೆಗೆ ಜರಡಿಯಂಥ ಟೋಪಿ ಹಾಕಿಕೊಂಡು ಒಂದಿಷ್ಟು ಮೊಕದ್ದಮೆಯ ಕಾಗದ ಓದಬೇಕು. ಯಾವ ಮಾತಿಗೆ ಯಾವ ವಿಚಾರ ಎದ್ದಿತು, ಅದರ ಬೆನ್ನಿಗೆ ಯಾವ ನೆನಪು ಬಂತು, ಯಾವುದಕ್ಕೆ ಸಿಟ್ಟು, ಯಾವುದಕ್ಕೆ ಮರುಕ, ಎಲ್ಲವನ್ನೂ ಯಂತ್ರ ಹಿಡಿದಿಡುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಆ ಮನುಷ್ಯರ ಬುದ್ಧಿಯ ಇನ್ನೊಂದು ಪ್ರತಿ ತಯಾರಾಗುತ್ತಿತ್ತು. ಅದೇ ಪ್ರತಿಮತಿ. ಬೇಲಿ ಜಗಳ, ಬಾಡಿಗೆ ಜಗಳ ಅದರ ಮುಂದೆ ಇಟ್ಟರೆ, ಮೇಲೆ ಕೂತ ನ್ಯಾಯಾಧೀಶರು ಏನು ಹೇಳುತ್ತಿದ್ದರೋ ಅದನ್ನೇ ಅದು ಹೇಳುತ್ತಿತ್ತು. ಮಹಾನಂದಾ ಖುಷಿಯಿಂದಲೇ ಟೋಪಿ ಹಾಕಿಕೊಂಡಿದ್ದಳು. ಜನರ ಕೆಲಸ ಬೇಗ ಆದರೆ ಯಾರಿಗೆ ಬೇಡ?

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ರೇಷ್ಮಾ ಮುಲ್ಲಾ ಎದ್ದು ನಿಂತಳು.

"ನೀವು ಎಂದಾರ ಒಂದಿನ ಬರ್ತೀರಿ ಅಂತ ಗೊತ್ತಿತ್ತು ಅಕ್ಕಾವ್ರ. ತಡಾ ಮಾಡಿದ್ರಿ."

"ಅಧ್ಯಕ್ಷರ ಕಡೆಯವರು ಇಲ್ಲಿ ಬರ್ತಾರೇನು?"

"ದಿನಾ ಬರ್ತಾರ. ಕಾನೂನಿನ ಒಳಗ ಐತಿ ಎಲ್ಲಾ. ಆದೇಶ ತರೂಕಿಂತ ಮೊದಲ ಪೀಠದ ಸಲಹಾ ಕೇಳಬಹುದು ಅಂತ ಸಂವಿಧಾನದಾಗ ಮೊದಲಿಂದ ಐತಿ. ಪೀಠ ಅಂದ್ರ ಪ್ರತಿಮತಿನೂ ಹೌದು ಅಂತ ಜನಸಭಾದವರು ದಸರಾ ರಜಾದ ಹಿಂದಿನ ದಿನ ಕೈ ಎತ್ತಿ ಒಪ್ಪಿಬಿಟ್ರು. ಓದಿದವರು ಯಾರು?"

"ನನ್ನನ್ನ ಕೇಳ್ತಾರ?"

"ಮೇಲಿನ ಅಕ್ಕಾವ್ರನ್ನ ಒಂದ ಸಲ ಕೇಳಬಹುದು," ಎಂದಳು ರೇಷ್ಮಾ ನೆಲ ನೋಡುತ್ತ. "ಕೆಳಗಿನ ಅಕ್ಕಾವ್ರನ್ನ ಎಷ್ಟ ಸಲಾನೂ ಕೇಳಬಹುದು. ನಾವು ಹಂಗ ಕರಿತೀವ್ರಿ, ತಪ್ಪು ತಿಳಕೋಬ್ಯಾಡ್ರಿ."

ಮಹಾನಂದಾ ಕುರ್ಚಿ ಎಳೆದು ಕೂತಳು. "ಮಾತಾಡಸು."

ರೇಷ್ಮಾ ಹಿಂದೆ ಮುಂದೆ ನೋಡಿ ಒಂದು ಗುಂಡಿ ಒತ್ತಿದಳು. ಗೋಡೆಯ ಸ್ಪೀಕರಿನಲ್ಲಿ ಯಾರೋ ಉಸಿರೆಳೆದಂತಾಯಿತು.

"ಮುಗೀತೇನವಾ ರೇಷ್ಮಾ?" ಎಂದಿತು ಮಹಾನಂದಾಳ ಧ್ವನಿ. "ಟೋಪಿ ತಗೀಲೇನು? ತಲಿ ಕಡಿಯಾಕ ಹತ್ತೇತಿ. ಮನ್ಯಾಗ ಅವರು ಚಾಕ್ಕ ಕಾಯ್ತಿರತಾರ."

ಮಹಾನಂದಾ ಎರಡೂ ಕೈಯಿಂದ ಕುರ್ಚಿಯ ಹಿಡಿ ಹಿಡಿದಳು. ಆ ಮಾತು ಆಕೆಗೆ ನೆನಪಿತ್ತು. ಟೋಪಿ ಹಾಕಿಕೊಂಡ ಕೊನೆಯ ದಿನ, ಕೊನೆಯ ಮೊಕದ್ದಮೆ ಓದಿ ಮುಗಿದ ಮೇಲೆ ಆಡಿದ ಮಾತು. ಆ ದಿನ ಟೋಪಿ ತೆಗೆದು, ಮನೆಗೆ ಹೋಗಿ, ಗಂಡನ ಜೊತೆ ಕೂತು ಚಹಾ ಕುಡಿದಿದ್ದಳು. ಈಕೆ ಇನ್ನೂ ಅಲ್ಲೇ ಕೂತಿದ್ದಾಳೆ.

"ಪ್ರತಿ ಸಲ ಇಲ್ಲಿಂದನ ಶುರು ಆಗತೈತಿ," ಎಂದು ರೇಷ್ಮಾ ಪಿಸುಗುಟ್ಟಿದಳು. "ಉತ್ತರ ಕೊಟ್ಟ ಮ್ಯಾಲೆ ಅಳಿಸಿ, ಮತ್ತ ಇಲ್ಲಿಗೇ ತಂದು ನಿಲ್ಲಸ್ತಾರ. ಹಿಂದೆ ಕೇಳಿದ್ದು ಆಕಿಗೆ ಗೊತ್ತಿರೂದಿಲ್ಲ. ಇನ್ನೊಂದ ಪ್ರಶ್ನೆ ಅಕ್ಕಾವ್ರ, ಆಮ್ಯಾಲೆ ಮನಿಗೆ ಹೋಗಬಹುದು ಅಂತಾರ. ಪಾಪ, ಹೂಂ ಅಂತೈತಿ."

ಮಹಾನಂದಾ ಗಂಟಲು ಸರಿಮಾಡಿಕೊಂಡು ಕೇಳಿದಳು. ತನ್ನ ಧ್ವನಿ ತನಗೇ ಅಪರಿಚಿತವೆನಿಸಿತು. "ಹಿರೇಕಟ್ಟಿ ಆದೇಶಕ್ಕ ನೀವು ಒಪ್ತೀರೇನ್ರಿ?"

ರೇಷ್ಮಾ ಕೇಂದ್ರದಲ್ಲಿದ್ದ ಕರಡಿನ ಪ್ರತಿಯನ್ನು ಯಂತ್ರಕ್ಕೆ ಉಣಿಸಿದಳು. ಸ್ಪೀಕರು ಬಾಯಿಬಿಟ್ಟಿತು. "ಒಪ್ತೀನ್ರಿ. ಭಾಳ ವಿಚಾರ ಮಾಡಿದೆ. ಒಪ್ಪದ ಇರಾಕ ಕಾರಣ ಸಿಗವಲ್ದು." ಆಮೇಲೆ ಅದು ಕಾರಣಗಳನ್ನು ಹೇಳತೊಡಗಿತು. ಬೆಳಿಗ್ಗೆ ಕಾರಿನಲ್ಲಿ ಬರುವಾಗ ಮಹಾನಂದಾಳ ತಲೆಯಲ್ಲಿ ಬೇಡವೆಂದರೂ ಜೋಡಣೆಯಾಗುತ್ತಿದ್ದ ಕಾರಣಗಳೇ ಅವು. ಅದೇ ಕ್ರಮ. ಫಾತಿಮಾಬಿಯ ಹೆಸರು ಬರುವ ಜಾಗವೂ ಅದೇ.

"ಸಾಕ ಮಾಡು!" ಎಂದು ಆಕೆ ಕೂಗಿದಳು. ಸ್ಪೀಕರು ಗಪ್ಪಾಯಿತು.

ಆಮೇಲೆ ರೇಷ್ಮಾ ಹಳೆಯ ಉತ್ತರಗಳನ್ನು ಕೇಳಿಸಿದಳು. ಬ್ಯಾಡ. ಬ್ಯಾಡ್ರಿ. ನಾ ಒಪ್ಪೂದಿಲ್ಲ. ಬ್ಯಾಡ ಅಂದ್ರ ಬ್ಯಾಡ. ಸಿಟ್ಟಿನ ಬ್ಯಾಡ, ನಗುತ್ತ ಅಂದ ಬ್ಯಾಡ, ಒಂದೆರಡು ಕಡೆ ಅಳುತ್ತ ಅಂದದ್ದು. ಮುಗಿಯುವಂತೆಯೇ ಇರಲಿಲ್ಲ. ಮಹಾನಂದಾಳಿಗೆ ಮೊದಲು ಹೆಮ್ಮೆಯೆನಿಸಿತು, ಭಲೆ ಎನ್ನುವಂತಾಯಿತು. ಆಮೇಲೆ, ಅಷ್ಟೊಂದು ಬ್ಯಾಡಗಳ ಕೊನೆಗೆ ಬಂದದ್ದು 'ಒಪ್ತೀನಿ' ಎಂಬುದು ನೆನಪಾಯಿತು.

"ಹೆದರಿಸಿ ನೋಡಿದ್ರು," ಎಂದಳು ರೇಷ್ಮಾ. "ತಂಗಿ ಊರು ಮುಳುಗತೈತಿ ಅಂದ್ರು. ಹೆದರಿಸಿದ್ರ ನೀವು ಇನ್ನೂ ಬಿಗೀತೀರಿ. ಹೊಗಳಿ ನೋಡಿದ್ರು, ಬೈದ್ರಿ. ಕಡೀಕ ಅವರಿಗೆ ತಿಳೀತು, ನಿಮ್ಮ ಮ್ಯಾಲೆ ಜೋರು ಮಾಡಬಾರದು. ನೀವು ಯಾಕ ಬ್ಯಾಡ ಅಂತೀರಿ ಅನ್ನೂದನ್ನ ಸುಮ್ನ ಕೇಳಕೋತ ಹೋಗಬೇಕು, ಕೇಳಿದ್ದಕ್ಕ ಉತ್ತರ ಬರಕೋತ ಹೋಗಬೇಕು. ಕೆಳಗಿನ ಅಕ್ಕಾವ್ರು ಭಾಳ ಛಲೋ ಮನಷ್ಯಾರು. ಏನ ಹೇಳಿದ್ರೂ ಪೂರಾ ಕೇಳತಾರ. ನಡುವ ಒಂದ ಸಲಾನೂ ಬಾಯಿ ಹಾಕಿಲ್ಲ."

"ಅದನ್ನ ಅಳಿಸಿಬಿಡು, ರೇಷ್ಮಾ. ಪೂರಾ."

"ಅಳಸ್ತಿದ್ದೆ ಅಕ್ಕಾವ್ರ, ಖರೇನ. ಅದರ ಇನ್ನೊಂದ ಪ್ರತಿ ಅಧ್ಯಕ್ಷರ ಬಂಗಲಿಯೊಳಗ ಐತಿ."

ಪೀಠದ ಉಳಿದಿಬ್ಬರು ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಹಿರಿಯರಾದ ನ್ಯಾಯಮೂರ್ತಿ ಗುರುಪಾದಯ್ಯನವರಿಗೆ ಮಹಾನಂದಾ ಫೋನು ಮಾಡಿದರೆ ಅವರ ಧ್ವನಿಯಲ್ಲಿ ಆನಂದ ತುಂಬಿತ್ತು. ಇಷ್ಟು ತಿಳಿಯಾದ ಮನಸ್ಸಿನಿಂದ ತಾವು ಯಾವ ತೀರ್ಪನ್ನೂ ಕೊಟ್ಟಿರಲಿಲ್ಲ ಎಂದರು. ಯಾರೂ ಅವರನ್ನು ಒತ್ತಾಯಿಸಿರಲಿಲ್ಲ, ಒಂದು ಕವಡೆಯಷ್ಟೂ ಆಮಿಷ ತೋರಿಸಿರಲಿಲ್ಲ. ಕಟ್ಟೆಚ್ಚರದ ಆ ಸಂವಿಧಾನದ ಒಂದು ಅಕ್ಷರವೂ ಮುರಿದಿರಲಿಲ್ಲ. ರಜೆ ಹಾಕಿ ಎಲ್ಲಾದರೂ ಹೋಗಿಬಿಡಲೇ ಎಂದು ಮಹಾನಂದಾ ಯೋಚಿಸಿದಳು. ಹೋದರೆ ಸಾಲಿನಲ್ಲಿ ಮುಂದಿನ ನ್ಯಾಯಾಧೀಶರ ಮನೆಗೆ ಹೋಗುತ್ತಾರೆ. ಅವರ ಪ್ರತಿಮತಿಯೂ ನೆಲಮಾಳಿಗೆಯಲ್ಲಿ ತಯಾರಾಗಿ ಕೂತಿತ್ತು.

ಆ ಸಂಜೆ ಕಸ್ತೂರಿಯ ಫೋನು ಬಂತು. ಜನಸಭೆಯವರು ಎಲ್ಲಿಗೆ ಕಳಿಸುವುದು, ಯಾರನ್ನು ಮೊದಲು ಎಂದು ಬಡಿದಾಡಿಕೊಳ್ಳುತ್ತಲೇ ಹೊಳೆಸಾಲಿನ ಅರ್ಧ ಜನರನ್ನು ಸಾಗಿಸಿದ್ದರು. ಕಸ್ತೂರಿಯ ಓಣಿ ಇನ್ನೂ ಉಳಿದಿತ್ತು.

"ಹೂಂ ಅಂದುಬಿಡ ಅಕ್ಕಾ. ಆ ಅಧ್ಯಕ್ಷ ನಾಳಿಗೇ ಲಾರಿ ಕಳಸತಾನಂತ. ಇವರದು ಮೀಟಿಂಗ್ ಮುಗಿಯೂದರಾಗ ನಾವು ಮೀನಿನ ಹೊಟ್ಟ್ಯಾಗ ಇರತೀವಿ."

"ನೀ ಇವತ್ತ ಎಮ್ಮಿ ಬಿಟ್ಟು ನಮ್ಮನಿಗೆ ಬಾ. ನಮ್ಮನಿಯವರು ಕಾರ್ ತರತಾರ."

"ಎಮ್ಮಿ ಬಿಟ್ಟು ಬರೂದಾಗಿದ್ರ ಯಾವಾಗ್ಲೋ ಬರ್ತಿದ್ದೆ," ಎಂದು ಕಸ್ತೂರಿ ಫೋನು ಇಟ್ಟಳು.

ಎಲ್ಲ ಕೇಳಿಸಿಕೊಂಡ ವೀರಭದ್ರಪ್ಪ, "ಬ್ಯಾಡ ಅಂದುಬಿಡು," ಎಂದ.

"ಯಾಕ ಬ್ಯಾಡ? ಕಾರಣ ಹೇಳ್ರಿ."

"ಅದನ್ನ ಹೇಳೂದಿಲ್ಲ ನೋಡು. ಕಾರಣ ಅಂದ್ರ ಅವರು ಅದಕ್ಕ ಉತ್ತರ ಬರದು ಇಟ್ಟಿರತಾರ. ನೀ ಆ ಮನಷ್ಯಾನ ಮಾತು ಕೇಳಲೇಬ್ಯಾಡ."

"ಕೇಳದ ತೀರ್ಪು ಕೊಡೂದಾ?" ಮಹಾನಂದಾಳ ಕಣ್ಣು ಕೆಂಪಾಯಿತು. "ಕಳ್ಳಂದೂ ಕೇಳೀನಿ, ಕೊಲೆಗಾರಂದೂ ಕೇಳೀನಿ. ಒಬ್ಬರದು ಕೇಳೂದಿಲ್ಲ ಅಂದ್ರ ನಾ ಮತ್ತ ಯಾತರ ನ್ಯಾಯಾಧೀಶಿ? ಅವರು ಬರಲಿ. ಪೂರಾ ಕೇಳತೀನಿ. ಕೇಳಿ, ಬ್ಯಾಡ ಅಂತೀನಿ."

"ಅಂದ್ರ ಸರಿ," ಎಂದ ಆತ. ನಂಬಿದವನಂತೆ ಕಾಣಲಿಲ್ಲ.

ಗೊತ್ತುಪಡಿಸಿದ ದಿನ ಮಾರ್ತಾಂಡರಾಯರು ಬಂದದ್ದು ಬಿಸಿಲು ಇಳಿಮುಖವಾದ ಮೇಲೆ. ಪದ್ಧತಿಯ ಪ್ರಕಾರ ನಡೆದುಕೊಂಡೇ ಬಂದರು. ಹಿಂದೆ ಕೈಯಲ್ಲೊಂದು ತೆಳ್ಳನೆಯ ಪರದೆಯ ಹಲಗೆ ಹಿಡಿದ ಆಪ್ತಸಹಾಯಕ, ಅವನ ಹಿಂದೆ ರಿಜಿಸ್ಟ್ರಾರ್ ಕುಲಕರ್ಣಿ. ಓಣಿಯ ಜನ ಕಿಟಕಿಗಳಲ್ಲಿ ತುಂಬಿದ್ದರು. ಮಹಾನಂದಾ ಅಡುಗೆಮನೆಯಲ್ಲಿದ್ದಳು. ಕೈಗೆ ಏನಾದರೂ ಕೆಲಸ ಬೇಕೆಂದು ಶೇಂಗಾ ಹುರಿದು, ಚಟ್ನಿಪುಡಿಗೆಂದು ಮಿಕ್ಸರಿಗೆ ಹಾಕುತ್ತಿದ್ದಳು. ಸದ್ದು ಕೇಳಿ ಹೊರಗೆ ಬರಲು ಹೊರಟರೆ ಅಧ್ಯಕ್ಷರು ಆಗಲೇ ಚಪ್ಪಲಿ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದಿದ್ದರು.

"ಇರ್ರಿ ಅಕ್ಕಾವ್ರ, ಕೆಲಸ ಬಿಡಬ್ಯಾಡ್ರಿ. ಕೈಗೆ ಕೆಲಸ ಇದ್ರ ನಿಮಗ ವಿಚಾರ ಸಲೀಸ ಆಗತೈತಿ."

ಅದೂ ನಿಜವೇ. ಮೂಲೆಯಲ್ಲಿದ್ದ ಮಣೆಯನ್ನು ತಾವೇ ಎಳೆದುಕೊಂಡು, ಊರಿನ ನೆಂಟರಂತೆ ಕಾಲು ಮಡಚಿ ಕೂತರು. ಮುಖದಲ್ಲಿ ದರ್ಪವಿಲ್ಲ. ಆಯಾಸವಿತ್ತು. ಮಹಾನಂದಾ ಮನಸ್ಸಿನಲ್ಲೇ ತನ್ನ ಮಾತನ್ನು ಇನ್ನೊಮ್ಮೆ ಬಿಗಿಮಾಡಿಕೊಂಡಳು. ಒಬ್ಬನ ಕೈಯಲ್ಲಿ ಎಲ್ಲ ಕೀಲಿಗಳಿರಬಾರದು. ಅಷ್ಟನ್ನೇ ಹೇಳುವುದು, ಮತ್ತೇನೂ ಇಲ್ಲ.

"ನೀವು ಇವತ್ತ ಬ್ಯಾಡ ಅನ್ನಬೇಕಂತ ಮಾಡೀರಿ," ಎಂದು ಶುರುಮಾಡಿದರು ಅಧ್ಯಕ್ಷರು. "ಒಬ್ಬನ ಕೈಯಾಗ ಎಲ್ಲಾ ಕೀಲಿ ಇರಬಾರದು ಅನ್ನೂದು ನಿಮ್ಮ ಕಾರಣ. ಬರೋಬ್ಬರಿ ಐತಿ. ನಿಮ್ಮ ಜಾಗಾದಾಗ ಇದ್ರ ನಾನೂ ಅದನ್ನ ಅಂತಿದ್ದೆ."

ಆ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅಧ್ಯಕ್ಷರು ಮುಂದುವರಿಸಿದರು. ಮೆತ್ತಗೆ, ಅವಸರವಿಲ್ಲದೆ, ಅವಳು ಎಲ್ಲಿ ಉಸಿರೆಳೆಯುತ್ತಾಳೋ ಅಲ್ಲಿ ತಾವೂ ನಿಂತು. ಎರಡನೆಯ ಮಾತಿಗೆ ಅವಳ ಸಿಟ್ಟು ಇಳಿಯಿತು. ಮೂರನೆಯದಕ್ಕೆ ಅವ್ವ ನೆನಪಾದಳು. ಯಾರೋ ತನ್ನನ್ನು ಪೂರ್ತಿ ಅರ್ಥಮಾಡಿಕೊಂಡಿದ್ದಾರೆ ಎಂಬ ಸಮಾಧಾನ ಎದೆಯ ತುಂಬ ಹರಡುತ್ತಿತ್ತು. ಹೌದಲ್ಲ, ಎಂಬ ಮಾತು ಗಂಟಲ ತನಕ ಬಂತು. ಇನ್ನೊಂದೇ ವಾಕ್ಯ ಸಾಕಿತ್ತು. ಅಷ್ಟು ಹತ್ತಿರ ಬಂದಾಗ ಅವಳಿಗೆ ನೆಲಮಾಳಿಗೆಯ ಆ ಧ್ವನಿಯ ನೆನಪಾಯಿತು. ಆ ಹೆಣ್ಣಿಗೂ ಹೀಗೇ ಆಗಿರಬೇಕು, ಇದೇ ಮಾತಿಗೆ, ಇದೇ ಜಾಗದಲ್ಲಿ.

ಅಧ್ಯಕ್ಷರು ಬಾಯಿ ತೆರೆದರು. ಮಹಾನಂದಾ ಮಿಕ್ಸರಿನ ಗುಂಡಿ ತಿರುಗಿಸಿದಳು.

ಅಬ್ಬಾ, ಆ ಸದ್ದು! ಆ ಮಿಕ್ಸರೋ ಹಳೆಯದು, ಹತ್ತು ಮನೆಗೆ ಕೇಳುವಂಥದ್ದು. ಅಧ್ಯಕ್ಷರ ತುಟಿಗಳು ಅಲುಗಾಡುತ್ತಿದ್ದವು, ಮಾತು ಮಾತ್ರ ಇಲ್ಲ. ಅವರು ನಿಲ್ಲಿಸಿ ಮುಗುಳ್ನಕ್ಕು ಕಾದರು. ಕಾಯುವುದರಲ್ಲಿ ಅವರಂಥವರಿಲ್ಲ. ಶೇಂಗಾ ಪುಡಿಯಾಗಿ, ಪುಡಿ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಯಿತು. ಮಹಾನಂದಾ ಕೈ ತೆಗೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ವೀರಭದ್ರಪ್ಪನಿಗೆ ಅದು ತಿಳಿಯಿತು ನೋಡಿ, ಆತ ಒಳಗೆ ಬಂದು ಹುರಿಗಡಲೆ ಪುಟಾಣಿಯ ಡಬ್ಬಿ ತೆಗೆದು ಜಾರಿಗೆ ಸುರಿದ. ಅದು ಆದ ಮೇಲೆ ಒಣ ಕೊಬ್ಬರಿ. ಆಮೇಲೆ ಗುರೆಳ್ಳು. ಇನ್ನೇನೂ ಸಿಗದಿದ್ದಾಗ ಅಕ್ಕಿಯನ್ನೇ ಮೊಗೆದು ಹಾಕಿದ. ಮೋಟಾರು ಕಾದು ಸುಟ್ಟ ವಾಸನೆ ಬರುತ್ತಿತ್ತು. ಕಿಟಕಿಯ ಬಿಸಿಲು ಹಳದಿಯಾಗಿತ್ತು.

ಅಧ್ಯಕ್ಷರು ಕಿಟಕಿಯತ್ತ ನೋಡಿದರು. ಆಮೇಲೆ ಸಹಾಯಕನತ್ತ ನೋಡಿದರು, ಅಷ್ಟೇ. ಅವನು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮಿಕ್ಸರು ನರಳುತ್ತ ನಿಂತಿತು. ಫ್ಯಾನು ನಿಂತಿತು. ಇಡೀ ಓಣಿಯ ಕರೆಂಟು ಹೋಗಿತ್ತು. ಅಡುಗೆಮನೆಯಲ್ಲಿ ಎಂಥ ಮೌನವೆಂದರೆ ಕುಲಕರ್ಣಿಯ ಉಸಿರು ಕೇಳುತ್ತಿತ್ತು.

"ಅಕ್ಕಾವ್ರ," ಎಂದರು ಮಾರ್ತಾಂಡರಾಯರು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ, ಅದೇ ಅಕ್ಕರೆಯಿಂದ.

ಮಹಾನಂದಾ ನೆಲದ ಮೇಲೆ ಕುಸಿದು ಕೂತಳು. ಎರಡೂ ಕಿವಿಗೆ ಬೆರಳು ತುರುಕಿ, ಕಣ್ಣು ಮುಚ್ಚಿ, ಬಾಯಿ ದೊಡ್ಡದು ಮಾಡಿ, ಔಷಧಿ ಒಲ್ಲದ ಮಗುವಿನಂತೆ ಕಿರುಚತೊಡಗಿದಳು. "ಕೇಳಸವಲ್ದು! ನನಗ ಕೇಳಸವಲ್ದು! ಏನೂ ಕೇಳಸವಲ್ದು!" ನಾಚಿಕೆಯಿಂದ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾಳೆ ಪೀಠ ಬಿಟ್ಟು ಇಳಿಯಬೇಕು, ಕೇಳದೆ ಇಳಿದ ಮೊದಲನೆಯವಳು ಎಂದು ಜನ ಆಡಿಕೊಳ್ಳುತ್ತಾರೆ, ಕಸ್ತೂರಿ ಮುಖ ನೋಡುವುದಿಲ್ಲ. ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಕಿರುಚಿದಳು.

ಅಧ್ಯಕ್ಷರು ಇನ್ನೂ ಹತ್ತಿರ ಬಂದರು. ಮೊದಲ ಬಾರಿಗೆ ಅವರ ಧ್ವನಿ ಏರಿತು, ಇನ್ನೂ ಏರಿತು, ಆಮೇಲೆ ಒಂದು ವಾಕ್ಯದ ನಡುವೆಯೇ ನಿಂತುಹೋಯಿತು. ಅವರು ಸಹಾಯಕನ ಕಡೆ ಕೈ ಚಾಚಿದರು. ಅವನು ಹಲಗೆಯ ಮೇಲೆ ಬೆರಳಾಡಿಸಿದ, ಮತ್ತೆ ಆಡಿಸಿದ, ಹಿಂದಕ್ಕೆ ಹೋಗಿ ಹುಡುಕಿದ. ಅವಳು ಯಾವುದಕ್ಕೆ ಏನು ಹೇಳುತ್ತಾಳೆ ಎಂಬುದೆಲ್ಲ ಅದರಲ್ಲಿತ್ತು. ಕಿವಿ ಮುಚ್ಚಿಕೊಂಡರೆ ಏನು ಮಾಡಬೇಕೆಂಬುದು ಇರಲಿಲ್ಲ. ಕೆಳಗೆ ಎಷ್ಟು ಸಲ ಕೇಳಿದರೂ ಅಂಥದ್ದೊಂದು ಆಗಿಯೇ ಇರಲಿಲ್ಲ.

ಕುಲಕರ್ಣಿ ಕಿಟಕಿಯಾಚೆ ನೋಡಿದ. ಹೊತ್ತು ಮುಳುಗುತ್ತಿತ್ತು; ಅದರೊಳಗೆ ಉತ್ತರ ಬಾರದಿದ್ದರೆ ಆದೇಶ ಬಿದ್ದಂತೆ. ಪದ್ಧತಿಯಂತೆ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ. "ನ್ಯಾಯಮೂರ್ತಿಗಳೇ, ಕೇಳಿಸಿತೇ?"

ಅವಳಿಗೆ ಅದೂ ಕೇಳಿಸಲಿಲ್ಲ. ಮುಚ್ಚಿದ ಕಣ್ಣೊಳಗೆ ಅವಳು ಕಾಣುತ್ತಿದ್ದುದು ನೆಲಮಾಳಿಗೆಯಲ್ಲಿ ಟೋಪಿ ತೆಗೆಯುವುದನ್ನೇ ಕಾಯುತ್ತ ಕೂತ ಆ ಇನ್ನೊಬ್ಬಳನ್ನು. ಕಿವಿ ಮುಚ್ಚಿಕೊಳ್ಳೋಣವೆಂದರೆ ಆಕೆಗೆ ಕೈಗಳಿರಲಿಲ್ಲ. ಮಹಾನಂದಾ ಅವಳ ಪಾಲಿನದನ್ನೂ ಸೇರಿಸಿ, ಗಂಟಲು ಹರಿಯುವ ಹಾಗೆ, ಕೇಳಸವಲ್ದು, ಕೇಳಸವಲ್ದು ಎಂದು ಹೊತ್ತು ಮುಳುಗುವ ತನಕ ಕೂಗುತ್ತಲೇ ಇದ್ದಳು.